ಗೌರವ್ವನ ಹೆಸರಿನ ರಕ್ತ

ಸೊರಡಿ, ತಾ. ಜತ್ತ
೩ ಡಿಸೆಂಬರ್ ೨೦೨೩

ಚಂದ್ರಿ,

ಅಕ್ಷರ ನೋಡಿ ಕೋಳಿ ಕೆದರಿದಂಗೆ ಐತಿ ಅಂತ ನಗಬೇಡ. ಕೀಮೋದಿಂದ ಸತ್ತು ಹೋಗಿದ್ದ ಬೆರಳು ಇವು. ಎರಡು ವರ್ಷ ಅಂಗಿಯ ಗುಂಡಿ ಸಹ ಹಾಕಿಕೊಳ್ಳಲಾರದೆ ಸೊಸೆಯ ಮುಂದೆ ಕೂಸಿನಂತೆ ನಿಂತಿದ್ದೇನೆ. ಈಗ ಜೀವ ಬಂದಿದೆ. ಹೋದ ವಾರ ರಾಟಿ ಇಳಿಸಿ ಉಣ್ಣೆ ನೂತೆ. ನೂಲು ದಪ್ಪ ಸಣ್ಣ ಆಗಿ ಅಡ್ಡಾದಿಡ್ಡಿ ಬಂತು, ಆದರೂ ಬಂತು. ನಮ್ಮ ಮನೆಯವರು, ನಿಮ್ಮ ಮಾವ, ನೋಡಿ, "ಏ, ಇದರಾಗ ಕಂಬಳಿ ನೇಯ್ದರ ಕುರಿ ಸೈತ ಹೊದ್ಕೊಳ್ಳೂದಿಲ್ಲ" ಅಂದರು. ನನಗೆ ಅಷ್ಟು ಸಂತೋಷ ಆಗಿತ್ತು, ಬೈಯಲೂ ಇಲ್ಲ.

ಫೋನ್ ಯಾಕೆ ಮಾಡಲಿಲ್ಲ ಅಂತೀಯೇನು? ಈ ಮನೆಯಲ್ಲಿ ಫೋನು ಅಂದರೆ ಊರ ಕಟ್ಟೆ. ನಿಮ್ಮ ಮಾವನಿಗೆ ಕಿವಿ ಮಂದ, ಸ್ಪೀಕರ್ ದೊಡ್ಡದಾಗಿ ಹಾಕಿಯೇ ಮಾತಾಡಬೇಕು. ನಿನ್ನ ಕಡೆ ಮಗ್ಗದ ಗದ್ದಲ. ನಾನು ಹೇಳಬೇಕಾದ್ದು ನಿನ್ನೊಬ್ಬಳಿಗೇ. ಡಾಕ್ಟರಬಾಯಿ ಬೆರಳಿಗೆ ಕೆಲಸ ಕೊಡು ಅಂದಿದ್ದಾರೆ, ಅದಕ್ಕೆ ಕಾಗದ ಬರೆಯುತ್ತೇನೆ ಅಂತ ಮನೆಯವರಿಗೆ ಹೇಳಿದ್ದೇನೆ. ಅದು ಸುಳ್ಳೂ ಅಲ್ಲ.

ವಿಷಯ ಹೀಗಿದೆ. ನನ್ನ ರಕ್ತದ ಅಂಕಿ ಗೊತ್ತಲ್ಲ, ಸಿಎ ನೂರಾ ಇಪ್ಪತ್ತೈದು ಅಂತಾರಲ್ಲ, ಅದು. ಮೂವತ್ತೈದರ ಒಳಗಿದ್ದರೆ ಚಲೋ. ಅಂಡಾಶಯದ ಗಡ್ಡೆ ತೆಗೆಯುವ ಮುಂಚೆ ನನ್ನದು ಎಂಟುನೂರರ ಮೇಲಿತ್ತು. ಆಪರೇಶನ್ ಆಗಿ, ಕೀಮೋ ಆಗಿ ಒಂಬತ್ತಕ್ಕೆ ಬಂದು ನಿಂತಿತ್ತು. ಕಳೆದ ಸಲ ಇಪ್ಪತ್ತನಾಲ್ಕು ಬಂತು. ಅವತ್ತಿನಿಂದ ನಮ್ಮ ವಿಜಯಕುಮಾರನಿಗೆ ನಿದ್ದೆಯಿಲ್ಲ. "ಯವ್ವಾ, ಇನ್ನೊಮ್ಮಿ ಏರಿದ್ರ ನಾ ಯಾರ ಮಾತೂ ಕೇಳಂಗಿಲ್ಲ. ಕೀಮೋ ಸುರು ಮಾಡಸಾಂವ" ಅಂತ ಹಟ ಹಿಡಿದಿದ್ದಾನೆ. ಸಾಂಗಲಿಯ ಡಾಕ್ಟರಬಾಯಿ ಅವನ ಎದುರಿಗೇ ಹೇಳಿದರು: "ತ್ರಾಸ ಇಲ್ಲಂದ್ರ ಅಂಕಿ ಹಿಂದ ಓಡಬ್ಯಾಡ್ರಿ. ಅಂಕಿ ಮೊದಲ ಏರತೈತಿ, ತ್ರಾಸ ಆಮ್ಯಾಲೆ ಬರತೈತಿ, ಖರೆ. ಆದ್ರ ಬರೇ ಅಂಕಿ ನೋಡಿ ಲಗೂನ ಕೀಮೋ ಕೊಟ್ರ ಆಯುಷ್ಯ ಏನೂ ಹೆಚ್ಚಾಗೂದಿಲ್ಲ, ಇದ್ದ ಚಲೋ ದಿನಾನೂ ಹಾಳಾಗ್ತಾವ. ಹೊಟ್ಟಿ ಉಬ್ಬಿತು, ಉಣ್ಣಾಕ ಆಗವಲ್ದು ಅಂದ್ರ ಆವಾಗ ಬರ್ರಿ." ನನ್ನ ಮಗನಿಗೆ ಅದು ಕಿವಿಗೆ ಬಿದ್ದರೆ ತಾನೆ? ಎರಡು ತಿಂಗಳಿಗೊಮ್ಮೆ ಜತ್ತದಿಂದ ರಕ್ತ ತಗೊಳ್ಳುವವರನ್ನು ಮನೆಗೇ ಕರೆಸುತ್ತಾನೆ. ಅಂಕಿ ಅವನ ಮೊಬೈಲಿಗೆ ಬರುತ್ತದೆ, ಅಲ್ಲಿಂದ ಇಡೀ ಬೀಗರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಉಮದಿಯಲ್ಲಿ ಯಾರೋ ಅಡಿಗೆ ಮಾಡುತ್ತಾ ನನ್ನ ಅಂಕಿ ಓದುತ್ತಾರೆ.

ನನಗೆ ಯಾವ ತ್ರಾಸವೂ ಇಲ್ಲ ಚಂದ್ರಿ. ಎರಡು ರೊಟ್ಟಿ ಉಣ್ಣುತ್ತೇನೆ. ಕುರಿ ಹಟ್ಟಿಗೆ ಹೋಗಿ ಬರುತ್ತೇನೆ. ಈ ಬೆರಳನ್ನು ಮತ್ತೆ ಸಾಯಲು ಬಿಡಲಾರೆ.

ಎಳ್ಳಮಾಸಿ ಹಬ್ಬಕ್ಕೆ ನೀನು ಬಾ. ಮರುದಿನ ರಕ್ತದವರು ಬರುತ್ತಾರೆ. ಹಳೆಯವಳು ಬಿಟ್ಟು ಹೋಗಿ ಪ್ರಾಜಕ್ತಾ ಅಂತ ಹೊಸ ಹುಡುಗಿ ಬಂದಿದ್ದಾಳೆ, ನನ್ನ ಮುಖ ನೋಡಿದವಳಲ್ಲ. ಒಳಗಿನ ಕೋಣೆಯಲ್ಲಿ "ಗೌರವ್ವ ಯಾರು?" ಅಂದಾಗ ನೀನು ತೋಳು ಕೊಡು. ನಿನ್ನ ರಕ್ತ ಗಂಗೆಯಂಥದ್ದು, ಅಂಕಿ ಸಣ್ಣದೇ ಬರುತ್ತದೆ. ಮಗ ಸುಮ್ಮನಾಗುತ್ತಾನೆ. ನನಗೆ ಒಂದು ಬೇಸಿಗೆ ಸಿಗುತ್ತದೆ, ಅಷ್ಟು ಸಾಕು.

ಇಲ್ಲ ಅನ್ನಬೇಡ.

ನಿನ್ನ ಅಕ್ಕ
ಗೌರವ್ವ



ಇಚಲಕರಂಜಿ
೧೭ ಡಿಸೆಂಬರ್ ೨೦೨೩

ಅಕ್ಕಾ,

ಸಣ್ಣವಳಿದ್ದಾಗ ನಿನ್ನ ಬದಲು ಗುರುಗಳ ಹತ್ತಿರ ಏಟು ತಿಂದೆ. ನಿನ್ನ ಬದಲು ಅವ್ವನ ಹತ್ತಿರ ಬೈಸಿಕೊಂಡೆ. ಈಗ ನಿನ್ನ ಬದಲು ಸೂಜಿಯನ್ನೂ ಚುಚ್ಚಿಸಿಕೊಳ್ಳಬೇಕೋ? ಆಗಲಿ ಮಾರಾಯ್ತಿ, ಬರುತ್ತೇನೆ. ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ವಿಜು ಕೇಳಿದರೆ ಇಬ್ಬರನ್ನೂ ಹಟ್ಟಿಯಲ್ಲಿ ಕೂಡಿ ಹಾಕುತ್ತಾನೆ.

ಇವರಿಗೆ ಏನೂ ಹೇಳಿಲ್ಲ. ಎಳ್ಳಮಾಸಿಗೆ ಅಕ್ಕನ ಮನೆಗೆ ಹೋಗುತ್ತೇನೆ ಅಂದರೆ ತಾನಾಜಿ ಅನ್ನುವ ಮನುಷ್ಯ ಇಲ್ಲ ಅನ್ನುವವರಲ್ಲ, ಕಾಂಡಿ ಸುತ್ತುವವರು ಯಾರು ಅಂತ ಮಾತ್ರ ಕೇಳಿದರು. ರೂಪಾಲಿ ಸುತ್ತುತ್ತಾಳೆ ಅಂದೆ. ಕಾಲೇಜು ಮುಗಿಸಿದ ಮಗಳು ಮಗ್ಗಕ್ಕೆ ನೂಲು ಸುತ್ತುವುದಾ ಅಂತ ಅವಳು ಮುಖ ಊದಿಸಿದಳು. ಇಬ್ಬರೂ ನನ್ನ ಹೊಟ್ಟೆ ನೋಡಿ ನಗುತ್ತಾರೆ. ಈ ವಯಸ್ಸಿಗೆ ಹೊಟ್ಟೆ ಬರುವುದೇ ಅಲ್ಲವೇ? ನಿರಿಗೆ ನಾಲ್ಕು ಕಮ್ಮಿ ಬೀಳುತ್ತಿವೆ.

ಒಂದು ಕೇಳುತ್ತೇನೆ, ಸುಮ್ಮನೆ. ನಿನಗೆ ಮೊದಮೊದಲು ಏನಾಗಿತ್ತು? ಊಟ ಸೇರುತ್ತಿರಲಿಲ್ಲ ಅಂತಿದ್ದೆಯಲ್ಲ, ಅದು ಹಸಿವೇ ಇಲ್ಲದ ಹಾಗೋ, ಎರಡು ತುತ್ತಿಗೆ ಹೊಟ್ಟೆ ಬಿರಿದ ಹಾಗೋ? ಇಲ್ಲಿ ನಮ್ಮ ಓಣಿಯಲ್ಲಿ ಒಬ್ಬಳಿಗೆ ಹಾಗಾಗಿದೆ, ಅದಕ್ಕೆ ಕೇಳಿದೆ.

ಇನ್ನೊಂದು. ಅಂಕಿ ಬಂದ ಕೂಡಲೇ ನನಗೆ ಬರೆ. ಎಷ್ಟಿದೆಯೋ ಅಷ್ಟು, ಸರಿಯಾಗಿ ಬರೆ. ನನ್ನ ರಕ್ತ ತಾನೆ, ಕೇಳುವ ಹಕ್ಕು ಇದೆ.

ಚಂದ್ರಿ



ಸೊರಡಿ
೨೦ ಜನವರಿ ೨೦೨೪

ಚಂದ್ರಿ,

ಅಂಕಿ ಬಂತು. ಹದಿನಾಲ್ಕು.

ಭಾಳ ಚಲೋ ಬಂತು ಅಂತ ಎಲ್ಲರೂ ಅಂದರು. ನೀನು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಎಳ್ಳು ಹೋಳಿಗೆ ನೀನು ಒಂದೂ ಪೂರ್ತಿ ತಿನ್ನಲಿಲ್ಲ, ಇಚಲಕರಂಜಿಯ ಡೌಲು ನಿನಗೆ.

ಒಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅವತ್ತು ಬೆಳಿಗ್ಗೆ ನಿಮ್ಮ ಮಾವ ಯಾವತ್ತಿನಂತೆ ಬೀರಪ್ಪನ ಭಂಡಾರ ತಂದು ನನ್ನ ತೋಳಿಗೆ ಹಚ್ಚಿದರು. "ದೇವರ ಅರಿಷಿಣ, ಇದರ ಮುಂದ ಸುಳ್ಳ ನಡಿಯೂದಿಲ್ಲ, ರೋಗ ಇದ್ರ ತೋರಸ್ತೈತಿ, ಇಲ್ಲಂದ್ರ ಕಳೀತೈತಿ" ಅಂದರು. ಆ ಹುಡುಗಿ ಬಂದಾಗ ನಿನ್ನ ತೋಳು ಬರಿದಾಗಿತ್ತು. ಹೊರಗಿನಿಂದ ಅವರು ಇಣುಕಿ ಬರೇ ತೋಳು ಕಂಡರೂ ಅರಿಷಿಣವಿಲ್ಲದ್ದು ಗೊತ್ತಾಗುತ್ತದೆ ಅಂತ ನನ್ನ ತೋಳಿನದನ್ನೇ ಒರೆಸಿ ನಿನಗೆ ಹಚ್ಚಿದೆ. ಅದು ತಪ್ಪಾಯಿತೇನೋ. ನೀನು ಒಂದು ಸೋಮವಾರ ಉಪವಾಸ ಮಾಡು. ನಾನೂ ಮಾಡುತ್ತೇನೆ.

ಬೆರಳು ಇವತ್ತು ಸರಿಯಿಲ್ಲ. ಸಾಕು ಮಾಡುತ್ತೇನೆ.

ಗೌರವ್ವ



ಇಚಲಕರಂಜಿ
೪ ಫೆಬ್ರುವರಿ ೨೦೨೪

ಅಕ್ಕಾ, ನನ್ನ ಅಕ್ಕಾ,

ಹದಿನಾಲ್ಕು! ನಿನ್ನ ಕಾಗದ ಓದಿ ಬಾಗಿಲ ಹಿಂದೆ ನಿಂತು ಅತ್ತೆ. ರೂಪಾಲಿ, "ಯವ್ವಾ, ಏನಾತ?" ಅಂತ ಓಡಿ ಬಂದಳು. ದೊಡ್ಡವ್ವನ ರಕ್ತ ಚಲೋ ಬಂದೈತಿ ಅಂದೆ. ಅವಳಿಗೆ ಅರ್ಥವೇ ಆಗಲಿಲ್ಲ, ಅದಕ್ಕೆ ಇಷ್ಟು ಅಳುತ್ತಾರೇನು ಅಂದಳು. ಅವಳಿಗೇನು ಗೊತ್ತು.

ಎರಡು ಸೋಮವಾರ ಉಪವಾಸ ಮಾಡಿದೆ. ನನಗೆ ಉಪವಾಸ ಈಗ ಕಷ್ಟವೇ ಇಲ್ಲ, ಒಂದು ಲೋಟ ಚಹಾಕ್ಕೇ ಹೊಟ್ಟೆ ತುಂಬುತ್ತದೆ. ಗ್ಯಾಸ್ ಅಂತ ಅಂಗಡಿಯವನು ಪುಡಿ ಕೊಟ್ಟಿದ್ದಾನೆ. ರೂಪಾಲಿ ಶುಕ್ರವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂತ ಹೊತ್ತು ಸಹ ಗೊತ್ತು ಮಾಡಿದ್ದಳು. ಏನೂ ಬೇಡ ಹೋಗು ಅಂದೆ. ಈಗ ಚಿಂತೆಯಿಲ್ಲ. ಹಸಿರು ಅಂಚಿನ ಒಂದು ಸೀರೆ ತಗೊಂಡೆ, ಅಗಲ ಜಾಸ್ತಿ ಇದೆ, ನಿರಿಗೆ ಕೂಡುತ್ತವೆ.

ನೀನು ಬೆರಳು ಜೋಪಾನ ಮಾಡು. ನೂಲು ತೆಗೆ. ನನಗೊಂದು ಕಂಬಳಿ ಬೇಕು, ಮೈ ನಡುಗುತ್ತದೆ ಇತ್ತೀಚೆಗೆ.

ನಿನ್ನ ಚಂದ್ರಿ



ಸೊರಡಿ
೧೦ ಮಾರ್ಚ್ ೨೦೨೪

ಚಂದ್ರಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಮನಸ್ಸಿರಲಿಲ್ಲ. ವಿಜು ನನ್ನನ್ನು ಸಾಂಗಲಿಗೆ ಕರೆದುಕೊಂಡು ಹೋಗಿದ್ದ, ವರ್ಷದ ತಪಾಸಣೆ. ಮತ್ತೆ ಹೋಗಬೇಕು. ದೊಡ್ಡ ಯಂತ್ರದೊಳಗೆ ಮಲಗಿಸಿ ಫೋಟೋ ತೆಗೆದರು. ಏನೂ ಕಾಣುವುದಿಲ್ಲ ಅಂದರು. ಕಾಣದ್ದು ಇರುವುದಿಲ್ಲ ಅಂತ ಅರ್ಥವಲ್ಲ.

ನೀನು ಸೀರೆ ತಗೊಂಡದ್ದು, ಗ್ಯಾಸ್ ಆದದ್ದು, ಪುಡಿ ತಿಂದದ್ದು ಇವನ್ನೆಲ್ಲ ನನಗೆ ಯಾಕೆ ಬರೆಯುತ್ತೀ? ಇಲ್ಲಿ ಒಬ್ಬಳು ದಿನಾ ಸಾವಿನ ಜೊತೆ ಚೌಕಾಶಿ ಮಾಡುತ್ತಿದ್ದಾಳೆ. ನಿನಗೆ ನಿರಿಗೆ ಬೀಳದ್ದೇ ದೊಡ್ಡ ದುಃಖ. ಉಂಡು ಕೂತರೆ ಹೊಟ್ಟೆ ಬರುತ್ತದೆ. ಕಾಂಡಿಯನ್ನು ಮಗಳ ಕೈಗೆ ಕೊಟ್ಟು ನೀನು ಕೂತಿದ್ದೀ ಅಂತ ನಿಮ್ಮ ಓಣಿಯಿಂದ ಬಂದ ನಮ್ಮೂರ ವಿಠೋಬ ಹೇಳಿದ. ಎದ್ದು ನಾಲ್ಕು ಹೆಜ್ಜೆ ನಡೆ, ಎಲ್ಲ ಇಳಿಯುತ್ತದೆ.

ಭಂಡಾರ ನನ್ನನ್ನು ಬಿಡಲಿಲ್ಲ. ಅದೇನು ಅಂತ ಕೇಳಬೇಡ.

ಗೌರವ್ವ



ಇಚಲಕರಂಜಿ
೨೪ ಮಾರ್ಚ್ ೨೦೨೪

ಅಕ್ಕಾ,

ನೀನು ಹೇಳಿದ್ದು ಖರೆ. ನಾನು ಉಂಡು ಸುಖವಾಗಿದ್ದೇನೆ.

ನಡೆಯಲು ನೋಡಿದೆ. ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು ನಿಲ್ಲುವುದಿಲ್ಲ. ವಯಸ್ಸು. ಇನ್ನು ನಿನಗೆ ಇಂಥವನ್ನು ಬರೆಯುವುದಿಲ್ಲ.

ನಿನಗೆ ಏನಾದರೂ ಆಗಿದ್ದರೆ ನನಗೆ ಹೇಳು ಅಂತ ಮಾತ್ರ ಕೇಳುತ್ತೇನೆ. ಭಂಡಾರದ ಮಾತು ಓದಿ ಹೆದರಿಕೆಯಾಯಿತು.

ಚಂದ್ರಾಬಾಯಿ



ಸೊರಡಿ
೧೪ ಏಪ್ರಿಲ್ ೨೦೨೪

ಚಂದ್ರಿ,

ನಿನ್ನೆ ಫೋನ್‌ನಲ್ಲಿ ತಾನಾಜಿಗೆ ಹೇಳಿದ್ದು ಇಷ್ಟೇ, ನಾಳೆಯೇ ನಿನ್ನನ್ನು ದೊಡ್ಡ ಆಸ್ಪತ್ರೆಗೆ ಒಯ್ದು ಹೊಟ್ಟೆ ತೋರಿಸು ಅಂತ. ಯಾಕೆ ಅಂತ ಅವರು ಹತ್ತು ಸಲ ಕೇಳಿದರು. ಅದನ್ನು ಮೊದಲು ನಿನಗೇ ಹೇಳಬೇಕಿತ್ತು. ನಿನ್ನನ್ನು ಕರೆ ಅಂದೆ, ಮಲಗಿದ್ದಾಳೆ ಅಂದರು. ಸಿಟ್ಟಿನಿಂದ ಮಲಗಿದ್ದೆಯೋ, ಸಂಕಟದಿಂದಲೋ?

ಈ ಕಾಗದವನ್ನು ಕೂತು ಓದು.

ಜನವರಿಯಲ್ಲಿ ಬಂದ ಅಂಕಿ ಹದಿನಾಲ್ಕಲ್ಲ. ನಾನೂರ ಹನ್ನೆರಡು.

ನಾನು ಸುಳ್ಳು ಬರೆದೆ. ವಿಜು ಮೊಬೈಲು ನೋಡಿ ಬೆಳ್ಳಗಾಗಿ ಕಟ್ಟೆಯ ಮೇಲೆ ಕೂತಾಗ ನನಗೆ ಏನನ್ನಿಸಿತು ಹೇಳಲಾ? ಬೀರಪ್ಪ ನನ್ನನ್ನು ಹಿಡಿದ ಅನ್ನಿಸಿತು. ದೇವರ ಅರಿಷಿಣ ಹಚ್ಚಿಸಿಕೊಂಡು ಮೋಸ ಮಾಡಿದೆ. ನನ್ನ ತೋಳಿನ ಭಂಡಾರದ ಜೊತೆ ನನ್ನ ರೋಗವೂ ನಿನ್ನ ರಕ್ತದಲ್ಲಿ ಇಳಿದು, ನನ್ನ ಅಂಕಿಯೇ ಬಂತು, ನನಗೆ ತೋರಿಸಲೆಂದೇ ಬಂತು ಅಂದುಕೊಂಡೆ. ಅದು ನಿನ್ನದಿರಬಹುದು ಅಂತ ಒಂದು ಗಳಿಗೆ ಸಹ, ದೇವರಾಣೆ, ಒಂದು ಗಳಿಗೆ ಸಹ ಹೊಳೆಯಲಿಲ್ಲ ಚಂದ್ರಿ. ಮೂರು ವರ್ಷದಿಂದ ಈ ಮನೆಯಲ್ಲಿ ರೋಗ ಅಂದರೆ ನಾನು. ನೀನು ಎರಡು ಕೊಡ ಹೊತ್ತು ಏರಿ ಹತ್ತುವ ಹುಡುಗಿಯಾಗಿಯೇ ನನ್ನ ಕಣ್ಣಲ್ಲಿ ಇದ್ದೀ.

ನಿಜ ಬರೆದರೆ ನೀನು ಕೆಲಸ ಬಿಟ್ಟು ಓಡಿ ಬರುತ್ತೀ, ನಿನ್ನ ತೋಳಿನಿಂದ ಕೆಟ್ಟದ್ದಾಯಿತು ಅಂತ ಕೊರಗುತ್ತೀ ಅಂತ ಹದಿನಾಲ್ಕು ಅಂದೆ. ನಿಜದ ಅಂಕಿಯನ್ನು ಗುಂಪಿಗೆ ಹಾಕದಂತೆ ವಿಜುವಿನಿಂದ ಆಣೆ ಮಾಡಿಸಿದೆ. ಯಾಕೆ ಹದಿನಾಲ್ಕು? ಬಾಯಿಗೆ ಬಂತು, ಬರೆದೆ.

ಸಾಂಗಲಿಯಲ್ಲಿ ಡಾಕ್ಟರಬಾಯಿಗೂ ಬಾಯಿ ಬಿಡಲಿಲ್ಲ. ಫೋಟೋದಲ್ಲಿ ಏನೂ ಕಾಣಲಿಲ್ಲ, ನನಗೆ ತ್ರಾಸವೂ ಇಲ್ಲ. ಕೀಮೋ ಸುರು ಮಾಡ್ರಿ ಅಂತ ವಿಜು ಹಟ ಹಿಡಿದರೂ ಅವರು ಒಪ್ಪಲಿಲ್ಲ, ತಲೆ ಕೆರೆದುಕೊಂಡು, "ಎರಡ ತಿಂಗಳ ತಡೀರಿ, ಇಲ್ಲೇ ಬಂದ ರಕ್ತ ಕೊಡ್ರಿ" ಅಂದರು. ಆ ಎರಡು ತಿಂಗಳು ನಾನು ಹೇಗಿದ್ದೆ ಅಂತ ನನ್ನ ಮಾರ್ಚಿನ ಕಾಗದದಲ್ಲೇ ಇದೆ. ಅದನ್ನು ಹರಿದು ಹಾಕು.

ಮೊನ್ನೆ ಅಲ್ಲೇ ಕೊಟ್ಟೆ. ಇಪ್ಪತ್ತೊಂದು ಬಂತು.

ನಿಮ್ಮ ಮಾವ ಆಸ್ಪತ್ರೆಯ ಪಡಸಾಲೆಯಲ್ಲೇ ಸಾಷ್ಟಾಂಗ ಬಿದ್ದರು. ಬೀರಪ್ಪ ಉಳಿಸಿದ ಅಂತ ಅತ್ತರು. ವಿಜು ನನ್ನ ಕಾಲು ಹಿಡಿದ. ಡಾಕ್ಟರಬಾಯಿ ಮಾತ್ರ ನಗಲಿಲ್ಲ. "ಔಷಧಾನ ಇಲ್ಲದ ನಾನೂರರಿಂದ ಇಪ್ಪತ್ತಕ್ಕ ಇಳಿಯೂ ಅಂಕಿ ಅಲ್ಲ ಇದು. ಲ್ಯಾಬಿನವರು ಅದಲಬದಲ ಮಾಡಿರಬೇಕು, ಇಲ್ಲಂದ್ರ ಮೊದಲಿನ ರಕ್ತ ನಿಮ್ಮದಲ್ಲ" ಅಂದರು. ಆ ರಕ್ತ ನಿನ್ನದು ಅಂತ ಎಲ್ಲರ ಎದುರಿಗೇ ಹೇಳಿದೆ.

ವಿಜು ನನ್ನ ಕಾಲು ಬಿಟ್ಟು ಎದ್ದ. "ಯವ್ವಾ, ಹಂಗಾರ ಚಿಗವ್ವಗ..." ಅಂತ ಅಲ್ಲಿಗೇ ನಿಲ್ಲಿಸಿದ.

ಡಾಕ್ಟರಬಾಯಿ ಹೇಳಿದ್ದನ್ನು ಹಾಗೆ ಬರೆಯುತ್ತೇನೆ. ಈ ಅಂಕಿಯೊಂದರಿಂದಲೇ ಕ್ಯಾನ್ಸರ್ ಅನ್ನಲು ಬರುವುದಿಲ್ಲವಂತೆ. ಬೇರೆ ಗಡ್ಡೆ, ಹೊಟ್ಟೆಯ ಟಿಬಿ, ಏನೇನಕ್ಕೋ ಏರುತ್ತದಂತೆ. ರೋಗ ಗೊತ್ತಾದವರಿಗೆ ಔಷಧ ಹತ್ತಿತೋ ಇಲ್ಲವೋ ನೋಡಲು ಅದು ಚಲೋ, ಆರಾಮ ಇದ್ದವರಿಗೆ ಅದಕ್ಕೇ ಅದನ್ನು ಮಾಡಿಸುವುದಿಲ್ಲವಂತೆ. ಆಮೇಲೆ ಕೇಳಿದರು, "ನಿಮ್ಮ ತಂಗಿಗಿ ಏನರ ತ್ರಾಸ ಐತೇನ್ರಿ?" ಇಲ್ಲ ಅಂತ ಬಾಯಿ ತೆಗೆದೆ. ಆಗ ನಿನ್ನ ಕಾಗದಗಳು ನೆನಪಾದವು. ಎರಡು ತುತ್ತಿನ ಮಾತು. ನಿರಿಗೆ. ಚಹಾ. ಮೆಟ್ಟಿಲು. ಓಣಿಯವಳು ಅಂತ ಬರೆದಿದ್ದೆಯಲ್ಲ, ಓಣಿಯಲ್ಲಿ ಅಂಥವಳು ಯಾರೂ ಇಲ್ಲ, ಅಲ್ಲವೇ? ನಮ್ಮ ಅವ್ವ ಹೊಟ್ಟೆಯಲ್ಲಿ ನೀರು ತುಂಬಿ ಸತ್ತಳು ಅಂತಲೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಇವತ್ತ ಕರಕೊಂಡ ಬರ್ರಿ" ಅಂದರು.

ಉಂಡು ಕೂತರೆ ಹೊಟ್ಟೆ ಬರುತ್ತದೆ ಅಂತ ಬರೆದವಳು ನಾನು. ಈ ಕೈ ಸತ್ತೇ ಇರಬೇಕಿತ್ತು.

ಇವತ್ತೇ ಹೋಗು. ಕೈ ಮುಗಿಯುತ್ತೇನೆ.

ಗೌರವ್ವ



೧೨ ಮೇ ೨೦೨೪
ಆಸ್ಪತ್ರೆಯಿಂದ

ಅಕ್ಕಾ,

ನೀನು ಎರಡು ಸಲ ಬಂದು ನನ್ನ ಕಾಲ ಬುಡಕ್ಕೆ ಕೂತು ಅತ್ತು ಹೋದೆ. ಸುತ್ತ ಜನ ಇದ್ದರು, ಮಾತಾಡಲಿಲ್ಲ. ನಾನು ಮಾತಾಡಲಿಲ್ಲ ಅಂತ ಕ್ಷಮಿಸಿದೆ ಅಂದುಕೊಂಡಿದ್ದರೆ ತಪ್ಪು.

ನಿನಗೆ ಎಲ್ಲ ಗೊತ್ತಿದೆ. ಎರಡೂ ಕಡೆಯ ಅಂಡಾಶಯ, ಹೊಟ್ಟೆಯ ಪರದೆಯ ತುಂಬ ಹರಡಿದೆ. ಹೊಟ್ಟೆಯಿಂದ ಒಂದು ಕೊಡ ನೀರು ತೆಗೆದರು. ಅಂಕಿ ಹತ್ತೊಂಬತ್ತುನೂರು. ಈಗಲೇ ಕೊಯ್ಯಲು ಬರುವುದಿಲ್ಲ, ಮೊದಲು ಕೀಮೋ ಕೊಟ್ಟು ನೋಡೋಣ ಅಂದಿದ್ದಾರೆ. ಮೊದಲನೆಯದು ಆಯಿತು. ರೂಪಾಲಿ ನನ್ನ ಕೂದಲನ್ನು ಬಾಚಣಿಗೆಯಿಂದ ಬಿಡಿಸಿ ಬಿಡಿಸಿ ಕಾಗದದಲ್ಲಿ ಸುತ್ತಿ ಒಯ್ಯುತ್ತಾಳೆ, ನಾನು ನೋಡಬಾರದಂತೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಎಳ್ಳಮಾಸಿಗೆ ನಾನು ನಿನಗಾಗಿ ಮಾತ್ರ ತೋಳು ಕೊಡಲಿಲ್ಲ. ದಸರೆಯಿಂದಲೇ ನನಗೆ ಅನುಮಾನ ಇತ್ತು. ನಿನಗೆ ಏನೇನಾಗಿತ್ತೋ ಅದೇ ನನಗೂ ಆಗುತ್ತಿತ್ತು. ಬಾಯಿ ಬಿಟ್ಟು ಹೇಳಿದರೆ ಖರೆ ಆಗುತ್ತದೆ ಅಂತ ಹೆದರಿಕೆ. ರೂಪಾಲಿಯನ್ನು ನೋಡಲು ಬರುವ ಗಂಡಿನ ಕಡೆಯವರು, ದೊಡ್ಡವ್ವಗೂ ಅದೇ ರೋಗ ಅವ್ವಗೂ ಅದೇ ರೋಗ ಅಂದರೆ ಹೊಸ್ತಿಲಿಗೂ ಬರುವುದಿಲ್ಲ. ಆಗ ನಿನ್ನ ಕಾಗದ ಬಂತು. ನನ್ನ ರಕ್ತ, ನಿನ್ನ ಹೆಸರು. ನನ್ನ ಹೆಸರು ಎಲ್ಲೂ ಬಾರದೆ ನನ್ನ ಅಂಕಿ ನನಗೆ ಗೊತ್ತಾಗುತ್ತದೆ. ದೇವರೇ ದಾರಿ ತೋರಿಸಿದ ಅಂದುಕೊಂಡೆ. ಅದಕ್ಕೇ ಸರಿಯಾಗಿ ಬರೆ ಅಂತ ಅಷ್ಟು ಒತ್ತಿ ಹೇಳಿದ್ದು.

ನೀನು ಹದಿನಾಲ್ಕು ಅಂದೆ.

ಆ ಹದಿನಾಲ್ಕನ್ನು ನಂಬಿ ಡಾಕ್ಟರನ್ನು ಬಿಟ್ಟೆ ಅಕ್ಕಾ. ಹೊಟ್ಟೆ ಉಬ್ಬಿದಾಗ ಹದಿನಾಲ್ಕು ಅಂದುಕೊಂಡೆ. ಉಸಿರು ಹಿಡಿದಾಗ ಹದಿನಾಲ್ಕು ಅಂದುಕೊಂಡೆ. ನೀನು ಬೈದು ಬರೆದಾಗಲೂ, ಇರಲಿ ನನಗೆ ರೋಗವಿಲ್ಲ ತಾನೆ, ಬೈಯಲಿ ಅಂದುಕೊಂಡೆ.

ಜನವರಿಯಲ್ಲೇ ಬಂದಿದ್ದರೆ ಬೇರೆ ಆಗುತ್ತಿತ್ತೇ ಅಂತ ಇಲ್ಲಿಯ ಡಾಕ್ಟರನ್ನು ಕೇಳಿದೆ. "ಹೇಳಾಕ ಬರೂದಿಲ್ಲ ಬಾಯಿ, ಆವಾಗೂ ಹರಡಿರಬಹುದು" ಅಂದರು. ಇರಬಹುದು. ಆದರೂ ಆ ಮೂರು ತಿಂಗಳು ನನ್ನವು. ಏನು ಮಾಡಬೇಕು ಅಂತ ನಾನು ಹೇಳಬೇಕಿತ್ತು. ನೀನು ನಿನ್ನ ಒಂದು ಬೇಸಿಗೆಗಾಗಿ ಊರನ್ನೆಲ್ಲ ಮೋಸ ಮಾಡಿದೆ, ನನ್ನ ಬೇಸಿಗೆ ಯಾರು ಕೇಳಿದರು?

ನಿನ್ನ ಮೇಲೆ ಸಿಟ್ಟಿದೆ. ಭಾಳ ಇದೆ. ನನ್ನ ಮೇಲೂ ಇದೆ, ನಾನೂ ಓಣಿಯವಳ ಹೆಸರು ಹೇಳಿದೆನಲ್ಲ. ಇಬ್ಬರೂ ಒಬ್ಬರಿಗೊಬ್ಬರು ನಿಜ ಹೇಳಿದ್ದರೆ ಒಂದೇ ಕಾಗದದಲ್ಲಿ ಮುಗಿಯುತ್ತಿತ್ತು.

ಈಗ ಕೇಳು. ಇಲ್ಲಿ ಎಲ್ಲರೂ ನನ್ನ ಎದುರು ನಗುತ್ತಾರೆ. ಇವರು ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದು ಪೇಢೆ ತಿನ್ನುತ್ತೀಯೇನು ಅನ್ನುತ್ತಾರೆ. ಮೂರು ಕೀಮೋ ಆದ ಮೇಲೆ ಮತ್ತೆ ರಕ್ತ ನೋಡುತ್ತಾರಂತೆ, ಔಷಧ ಹತ್ತಿದೆಯೋ ಇಲ್ಲವೋ ಅದರಿಂದ ಗೊತ್ತಾಗುತ್ತದಂತೆ. ಆ ಅಂಕಿಯನ್ನು ನಾನು ಇವರನ್ನು ಕೇಳುವುದಿಲ್ಲ, ರೂಪಾಲಿಯನ್ನೂ ಕೇಳುವುದಿಲ್ಲ. ನಿನ್ನನ್ನೇ ಕೇಳುತ್ತೇನೆ. ನೀನು ಏನು ಹೇಳುತ್ತೀಯೋ ಅದನ್ನೇ ನಂಬುತ್ತೇನೆ.

ಮತ್ತೆ ಸುಳ್ಳು ಹೇಳಿದರೆ ನನ್ನ ಮಣ್ಣಿಗೂ ಬರಬೇಡ.

ಚಂದ್ರಿ



ಸೊರಡಿ
೨೧ ಜುಲೈ ೨೦೨೪

ಚಂದ್ರಿ,

ಈ ಕಾಗದವನ್ನು ವಿಠೋಬನ ಕೈಯಲ್ಲಿ ಕಳಿಸಿದ್ದೇನೆ. ಕಂಬಳಿ ಮಾರಲು ನಿಮ್ಮ ಕಡೆ ಬರುತ್ತಾನೆ. ನಿನ್ನ ಕೈಯಲ್ಲೇ ಕೊಡಬೇಕು, ಬೇರೆ ಯಾರು ಕೇಳಿದರೂ ಕೊಡಬಾರದು ಅಂತ ಹೇಳಿದ್ದೇನೆ.

ಶುಕ್ರವಾರ ನೀನು ವಾರ್ಡಿನಲ್ಲಿ ಮಲಗಿದ್ದಾಗ ತಾನಾಜಿ, ರೂಪಾಲಿ, ನಾನು ಡಾಕ್ಟರ ಕೋಣೆಗೆ ಹೋಗಿದ್ದೆವು. ಅಂಕಿ ಬಂದಿತ್ತು. ಡಾಕ್ಟರು ಹೊಸ ಫೋಟೋವನ್ನೂ ಹಚ್ಚಿ ತೋರಿಸಿದರು. ಎಲ್ಲ ವಿವರಿಸಿ, "ಇದನ್ನ ಅವರಿಗೆ ನಾನ ಹೇಳ್ತೀನಿ, ಅವರದ ಜೀವ, ಅವರ ತೀರ್ಮಾನ ಮಾಡಬೇಕು" ಅಂದರು. ತಾನಾಜಿ ಡಾಕ್ಟರ ಎರಡೂ ಕೈ ಹಿಡಿದು, "ಸಾಹೇಬ್ರ, ಹೇಳಬ್ಯಾಡ್ರಿ, ಈಗ ಹೇಳಬ್ಯಾಡ್ರಿ, ನಿಮ್ಮ ಪಾದಕ್ಕ ಬೀಳ್ತೀನಿ" ಅಂದರು. ಡಾಕ್ಟರು ಬುಧವಾರದವರೆಗೆ ತಡೆಯುತ್ತೇನೆ, ಅಷ್ಟರಲ್ಲಿ ಮನೆಯವರೇ ಹೇಳಿ ಅಂದರು.

ಹೊರಗೆ ಬಂದ ಮೇಲೆ ರೂಪಾಲಿ ನನ್ನ ಸೆರಗು ಹಿಡಿದಳು. "ದೊಡ್ಡವ್ವಾ, ಇನ್ನೂರಕ್ಕ ಇಳದೈತಿ ಅಂತ ನೀ ಹೇಳು. ನಾವು ಹೇಳಿದ್ರ ಅವ್ವ ನಂಬೂದಿಲ್ಲ. ನೀ ಹೇಳಿದ್ರ ನಂಬ್ತಾಳ." ಆ ಕೂಸಿನ ಮುಖ ನೋಡಿ ಹೂಂ ಅಂದೆ. ನಿನ್ನ ಹಾಸಿಗೆಯ ಹತ್ತಿರ ಬಂದೆ. ನೀನು ಕಣ್ಣು ಬಿಟ್ಟು ನನ್ನನ್ನೇ ನೋಡಿದೆ. ರಿಪೋರ್ಟ್ ಇನ್ನೂ ಬಂದಿಲ್ಲ ಅಂದೆ. ಬಸ್ಸು ಹಿಡಿದು ಮನೆಗೆ ಬಂದೆ.

ಅಂಕಿ ಎರಡು ಸಾವಿರದ ಆರುನೂರ ನಲವತ್ತು. ಇಳಿದಿಲ್ಲ ಚಂದ್ರಿ, ಏರಿದೆ. ಔಷಧ ಹತ್ತಿಲ್ಲ. ಫೋಟೋದಲ್ಲಿ ಪಿತ್ತಕೋಶದ ಹತ್ತಿರವೂ ಹೊಸದು ಕಾಣುತ್ತದೆ.

ಡಾಕ್ಟರು ಎರಡು ದಾರಿ ಹೇಳಿದರು. ಬೇರೆ ಔಷಧ ಕೊಟ್ಟು ನೋಡಬಹುದು, ಹತ್ತುವ ಆಸೆ ಭಾಳ ಕಡಿಮೆ, ಹಾಸಿಗೆ ಬಿಟ್ಟು ಏಳಲು ಆಗದ ಹಾಗೆ ಮಾಡಬಹುದು. ಇಲ್ಲವಾದರೆ ಕೀಮೋ ನಿಲ್ಲಿಸಿ, ನೋವಿಗೆ ಔಷಧ, ನೀರು ತುಂಬಿದಾಗ ತೆಗೆಯುವುದು, ಮನೆಯಲ್ಲಿ ಇರುವುದು. ಎಷ್ಟು ದಿನ ಅಂತ ನಾನು ಕೇಳಿದ್ದಕ್ಕೆ, ದೀಪಾವಳಿ ಕಂಡರೆ ದೊಡ್ಡದು ಅಂದರು. ಇದನ್ನು ಬರೆಯುವಾಗ ನನ್ನ ಕೈ ಎಷ್ಟು ಸಲ ನಿಂತಿತು ಅಂತ ನೀನೇ ಅಕ್ಷರ ನೋಡಿ ತಿಳಿ.

ರೂಪಾಲಿಯ ಚಿಂತೆ ಮಾಡಬೇಡ ಅನ್ನುವುದಿಲ್ಲ, ಮಾಡು. ಇದು ತಾಯಿಯಿಂದ ಮಗಳಿಗೆ ಬರುವ ಜಾತಿಯದೋ ಏನೋ ಅಂತ ನೋಡಲು ಸಾಂಗಲಿಯಲ್ಲಿ ನನ್ನ ರಕ್ತ ಕೊಟ್ಟಿದ್ದೇನೆ. ಏನು ಬಂದರೂ ಅವಳನ್ನು ಕೂಡಿಸಿಕೊಂಡು ಅವಳಿಗೇ ಹೇಳುತ್ತೇನೆ. ಹೆಣ್ಣು ನೋಡಲು ಬರುವವರು ಬಾರದಿದ್ದರೆ ಹೋಗಲಿ, ನಮ್ಮ ಕೂಸು ಇರಲಿ.

ತಾನಾಜಿ ನನ್ನನ್ನು ಇನ್ನು ಮನೆಯೊಳಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ರೂಪಾಲಿಗೆ ಹೂಂ ಅಂದು ಮಾತು ತಪ್ಪಿದ್ದೇನೆ. ಅವಳು ನನ್ನನ್ನು ಶಪಿಸಿದರೂ ಸರಿ. ಬುಧವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಔಷಧ ಬೇಕು ಅನ್ನು, ನಿನ್ನ ಪಕ್ಕದಲ್ಲಿ ಕೂಡುತ್ತೇನೆ. ಬೇಡ ಅನ್ನು, ಯಾರು ಎಷ್ಟು ಅತ್ತರೂ ನಿನ್ನನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ನೀನು ಹೇಳಿದ ಕಡೆ ಕರೆದುಕೊಂಡು ಹೋಗುತ್ತೇನೆ. ನನ್ನ ಮುಖವೇ ಬೇಡ ಅಂದರೂ ಹೇಳು, ಹೊರಗೆ ಕೂತಿರುತ್ತೇನೆ.

ಬಂದು ಹೇಳಬಹುದಿತ್ತಲ್ಲ, ಮೊದಲೇ ಯಾಕೆ ಬರೆದೆ ಅಂತ ಕೇಳುತ್ತೀ. ನಿನ್ನ ಮುಖ ನೋಡಿದರೆ ನನ್ನ ಬಾಯಲ್ಲಿ ಮತ್ತೆ ಸುಳ್ಳೇ ಬರುತ್ತದೆ.

ನಿನ್ನ ಅಕ್ಕ
ಗೌರವ್ವ